ಏಳಿಲ್ಲದ ಎಣಿಕೆ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಯಂತ್ರಗಳು ಆಗಲೇ ಗುಡುಗುತ್ತಿವೆ. ಬಿಸಿ ಬೆಡ್‌ಶೀಟನ್ನು ಒದರಿ, ಮಡಚಿ, ಪೇರಿಸುತ್ತಾ ದೊಡ್ಡಮ್ಮ ಎಣಿಸುತ್ತಾರೆ: "ಐದು, ಆರು, ಇನ್ಯಾರು, ಎಂಟು..."

'ಏಳು ಎಲ್ಲಿ ಹೋಯ್ತಮ್ಮಾ?' ಅಂದರೆ ನಗುತ್ತಾರೆ. "ಮಡಚೋಕೆ ಇಬ್ರು ಬೇಕು. ನನ್ನ ಜೊತೆಗಾತಿಗೆ ಮಂಡಿನೋವು, ಸ್ಟೂಲ್ ಮೇಲೆ ಕೂತೇ ಮಡಚೋಳು. ನಾನು 'ಏಳು' ಅಂದ್ರೆ ಸಾಕು, ಪಾಪ, ದಡಕ್ಕಂತ ಎದ್ದು ನಿಲ್ಲೋಳು! ಅದಕ್ಕೇ ಏಳನ್ನೇ ಬಿಟ್ಟು, ಆರಕ್ಕೆ ಹೊಂದೋ ಹಾಗೆ 'ಇನ್ಯಾರು' ಅಂತ ಹಾಕ್ಕೊಂಡೆ."

ಜೊತೆಗಾತಿ ಕೆಲಸ ಬಿಟ್ಟು ಆರು ವರ್ಷವಾಯಿತು, 'ಇನ್ಯಾರು' ಮಾತ್ರ ಇಲ್ಲೇ ಉಳಿದಿದೆ. ದೊಡ್ಡಮ್ಮನದು ಹತ್ತೊಂಬತ್ತು ವರ್ಷದ ದುಡಿಮೆ. ದಿನಕ್ಕೆ ನಾನೂರು ಬೆಡ್‌ಶೀಟು, ಮೊಣಕೈವರೆಗೆ ಹಬೆ ಸುಟ್ಟ ಕಲೆ. ತೀರಿಹೋದ ತಂಗಿಯ ಮಗಳನ್ನು ಸಾಕಿದ್ದು ಇದರಲ್ಲೇ. "ಹತ್ತರವರೆಗೂ ನೆಟ್ಟಗೆ ಎಣಿಸೋಕೆ ಬರಲ್ವಲ್ಲಮ್ಮ!" ಎಂದು ಸೂಪರ್‌ವೈಸರ್ ಎಲ್ಲರೆದುರು ಅಂದಾಗಲೆಲ್ಲ ಅವರ ಮುಖ ಚಿಕ್ಕದಾಗುತ್ತಿತ್ತು.

ಆ ಮಗಳೀಗ ನಾಲ್ವರ ಹಿಪ್‌ಹಾಪ್ ತಂಡದಲ್ಲಿದ್ದಾಳೆ. ತಂಡದ ಮೊದಲ ಹಾಡಿನ ತಾಳ ಹೆಣೆದಿದ್ದೇ ಈ ಎಣಿಕೆಯ ಮೇಲೆ. ಹಾಡಿನಲ್ಲಿ ಎಣಿಸಲು ದೊಡ್ಡಮ್ಮನನ್ನೇ ಸ್ಟುಡಿಯೊಗೆ ಕರೆದೊಯ್ದಳು. ಆದರೆ ಸ್ಟುಡಿಯೊದ ರೆಕಾರ್ಡಿಸ್ಟ್ ಮೂಗು ಮುರಿದರು: ದನಿ ಒರಟು, ಎಣಿಕೆ ತಪ್ಪು, ಕಲಿತ ಗಾಯಕಿ 'ಏಳು' ಸೇರಿಸಿ ಹಾಡಲಿ. ದೊಡ್ಡಮ್ಮ ಚೀಲ ಎತ್ತಿಕೊಂಡರು. ಮಗಳು ಬಾಗಿಲಿಗೆ ಅಡ್ಡ ನಿಂತಳು.

"ದೊಡ್ಡಮ್ಮ ಇಲ್ಲ ಅಂದ್ರೆ ಹಾಡೂ ಇಲ್ಲ."

ಗಾಯಕಿ ಹಾಡಿಯೂ ನೋಡಿದರು. 'ಇನ್ಯಾರು' ಎಳೆಯುವ ಜಾಗದಲ್ಲಿ ಪುಟ್ಟ 'ಏಳು' ಬಂದದ್ದೇ, ತಾಳ ಗುಂಡಿಗೆ ಬಿದ್ದ ಹಾಗೆ ಮುಗ್ಗರಿಸಿತು. ಇನ್ನು ದೊಡ್ಡಮ್ಮನ ಸರದಿ. ಬರಿಗೈಯಲ್ಲಿ ನಿಂತರೆ ಎಣಿಕೆಯೇ ಹೊರಡಲಿಲ್ಲ.

"ಕೈಗೇನಾದ್ರೂ ಕೊಡಿ ಸ್ವಾಮಿ, ಮಡಚೋಕೆ!"

ಸ್ಟುಡಿಯೊದ ಪರದೆಯನ್ನೇ ಬಿಚ್ಚಿ ಕೊಟ್ಟರು. ಪರದೆ ಮಡಚುತ್ತಾ ಒಂದೇ ಏಟಿಗೆ ಮುಗಿಸಿದರು. ರೆಕಾರ್ಡಿಸ್ಟ್ ಹೆಡ್‌ಫೋನ್ ತೆಗೆದು, "ಇನ್ನೊಂದ್ಸಲ ಬೇಡಮ್ಮಾ, ಇದೇ ಇರ್ಲಿ" ಅಂದರು.

ಕಳೆದ ಶುಕ್ರವಾರ ಹಾಡು ಬಿಡುಗಡೆಯಾಯಿತು. ಹೆಸರು 'ಇನ್ಯಾರು'. ಅಂದು ಮಧ್ಯಾಹ್ನ ಯಂತ್ರ ನಿಲ್ಲಿಸಿ ಲಾಂಡ್ರಿಯವರೆಲ್ಲ ಒಂದೇ ಫೋನಿಗೆ ಮುತ್ತಿಕೊಂಡಿದ್ದರು. ಗದ್ದಲ ಕೇಳಿ ಬಂದ ಸೂಪರ್‌ವೈಸರ್ ಬಾಗಿಲಲ್ಲೇ ನಿಂತು ತಲೆದೂಗಿದರು.

"ಚೆನ್ನಾಗಿದೆಯಲ್ರೀ! ಹಾಡಿರೋದು ಯಾರು?"

"ಇನ್ಯಾರು!" ಇಡೀ ಲಾಂಡ್ರಿ ಕೂಗಿತು.

ಈಗ ವಾರ್ಡಿನ ನರ್ಸುಗಳೂ ಮಾತ್ರೆಗಳನ್ನು ಹಾಗೆಯೇ ಎಣಿಸುತ್ತಾರಂತೆ. ದೊಡ್ಡಮ್ಮನಿಗೆ ಹೆಮ್ಮೆ, ಮುಚ್ಚಿಡುವುದಿಲ್ಲ. ಇನ್ನೇನಾದರೂ ಆಸೆ ಇದೆಯೇ?

"ಭಾನುವಾರ ಜೊತೆಗಾತಿ ಮನೆಗೆ ಹೋಗಿ ಹಾಡು ಕೇಳಿಸ್ಬೇಕು. ಏಳೋದೇನೂ ಬೇಡ, ಕೂತೇ ಕೇಳ್ಲಿ."