ಮೂರು ಕಾಲಿಗೆ ಹಾಸಿದ ಕಂಬಳಿ

ರಾಮತೀರ್ಥ ನಗರದ ಆ ಮನೆಯ ನೆಲಕ್ಕೆ ಪಾಲಿಶ್ ಹೊಡೆದವನು ನಾನೇ. ಮರುದಿನವೇ ಯಜಮಾನರು ಕರೆಸಿದರು. "ಈ ಹೊಳಪು ತಗಿಯಾಕ ಬರತೈತೇನ್ರಿ?"

ಅಂಥ ಕೆಲಸ ನನಗೆ ಯಾರೂ ಹೇಳಿರಲಿಲ್ಲ. ಖಾನಾಪುರದಲ್ಲಿ ಕುರಿ ಕಾಯುವ ಅವರಣ್ಣ ಕೊಟ್ಟ ದೊಡ್ಡ ನಾಯಿಗೆ ಮೂರೇ ಕಾಲು. ಜಾರಿ ಬಿದ್ದಾಗಿನಿಂದ ಒಳಗೇ ಬರಲೊಲ್ಲದು.

"ಕಂಬಳಿ ಹಾಸ್ರಿ," ಎಂದೆ.

"ದೇವರ ಗದ್ದಿಗಿಗೆ ಹಾಸೂದ್ರೀ ಅದು. ನಾಯಿ ತುಳಿದ್ರ ಅಣ್ಣ ಸುಮ್ನಿರಂಗಿಲ್ಲ."

ಅಷ್ಟರಲ್ಲಿ ಆ ಅಣ್ಣನೇ ನಾಯಿ ನೋಡಲು ಬಂದ. ಹೊಸ್ತಿಲಲ್ಲಿ ಅದು ನಡುಗುತ್ತ ನಿಂತದ್ದು ಕಂಡು, ಹೆಗಲ ಮೇಲಿನ ಕಂಬಳಿಯನ್ನೇ ನೆಲಕ್ಕೆ ಹಾಸಿದ. "ಈ ಕಂಬಳಿ ಕೊಟ್ಟ ಕುರಿಗೋಳನ್ನ ಉಳಿಸಾಕ ಹೋಗೇ ತೋಳಕ್ಕ ಕಾಲು ಕೊಟ್ಟೈತಿ. ತುಳೀಲಿ."

ನಾಯಿ ನೆಟ್ಟಗೆ ಒಳಗೆ ನಡೆಯಿತು. ನಾನು ಕಂಬಳಿ ತುಳಿಯಬಾರದೆಂದು ಬದಿಗೆ ಸರಿದವನು, ನನ್ನದೇ ಪಾಲಿಶ್ ಮೇಲೆ ಜಾರಿ ಕುಂಡಿ ಊರಿದೆ.

"ನಿಮಗೂ ಒಂದು ಹಾಸೂಣೇನ್ರಿ?" ಎಂದ ಅಣ್ಣ.