ಚಕ್ರ ಚೆನ್ನಾಗಿಯೇ ಇತ್ತು

ನನ್ನ ತಮ್ಮ ವಿಮಾನ ಓಡಿಸುತ್ತಿದ್ದ. ವಿಮಾನ ಎಂದರೆ ದೊಡ್ಡದೇನಲ್ಲ, ರೆಕ್ಕೆ ಕಟ್ಟಿಕೊಂಡ ವ್ಯಾನು ಅನ್ನಿ. ಒಳಗೆ ನೆಟ್ಟಗೆ ನಿಂತರೆ ತಲೆ ಛಾವಣಿಗೆ ಉಜ್ಜುತ್ತದೆ. ನನ್ನ ಬೋಳುತಲೆ ಇಷ್ಟು ಮಿರುಗುವುದಕ್ಕೆ ಅದೇ ಕಾರಣ, ವಯಸ್ಸಲ್ಲ.

ಮನೆಯಲ್ಲಿ ಅವನಿಗೆ ರೇಡಿಯೊ ಅಂತಲೇ ಹೆಸರು. ಹುಟ್ಟಿದಾಗ ಅಳಲೇ ಇಲ್ಲ, ನರ್ಸಮ್ಮನಿಗೆ ಊಟ ಆಯಿತೇ ಎಂದು ಕೇಳಿದ. ಸುಳ್ಳೆನ್ನುವವರು ನಮ್ಮಮ್ಮನನ್ನು ಕೇಳಿ, ಅವಳು ಇನ್ನೂ ಎರಡು ಸೇರಿಸಿ ಹೇಳುತ್ತಾಳೆ.

ಅವತ್ತು ನಾನೂ ಅದೇ ವಿಮಾನದಲ್ಲಿದ್ದೆ, ಮೊದಲನೇ ಸೀಟಿನಲ್ಲಿ, ಪಕ್ಕದಲ್ಲಿ ಹೆಂಡತಿ. ಪೈಲಟ್‌ಗಳಿಗೂ ನನಗೂ ನಡುವೆ ಒಂದು ಪರದೆ, ಅದೂ ಅರ್ಧ ಸರಿದಿತ್ತು. ತಮ್ಮನ ಪಕ್ಕದಲ್ಲಿ ಕೂರುತ್ತಿದ್ದಾಕೆ ಮೊದಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು, ಮಕ್ಕಳು ದೊಡ್ಡವರಾದ ಮೇಲೆ ಹಾರುವುದನ್ನು ಕಲಿತಳು. ಎಲ್ಲರಿಗೂ ಅವಳು ಟೀಚರ್.

ಇಳಿಯುವ ಹೊತ್ತಿಗೆ ಪೈಲಟ್‌ಗಳು ಬೇರೆ ಮಾತಾಡಬಾರದು ಎಂದು ನಿಯಮವಿದೆ. ನಮ್ಮ ರೇಡಿಯೊ ಕೇಳಬೇಕಲ್ಲ? ಗಾಳಿಗೆ ನನ್ನ ಛತ್ರಿ ಹಾರಿ, ನಾನೂ ಅದರ ಜೊತೆ ಹಾರಿ, ಮಾವನ ಮನೆಯ ಮಾಳಿಗೆ ಮೇಲೆ ಇಳಿದ ಕಥೆಯನ್ನು ಟೀಚರ್‌ಗೆ ಹೇಳುತ್ತಿದ್ದ. ಕಥೆ ನನ್ನದೇ. ಆದರೆ ನಾನು ಅಷ್ಟು ಕೆಟ್ಟದಾಗಿ ಹೇಳುವುದಿಲ್ಲ.

"ಸಾರ್, ಚಕ್ರ?" ಎಂದಳು ಟೀಚರ್.

"ಗೊತ್ತು ಗೊತ್ತು, ಕೇಳಿ ಇಲ್ಲಿ. ಮಾವ ಆಚೆ ಬಂದು ನೋಡ್ತಾರೆ..."

ಅಷ್ಟರಲ್ಲಿ ಎಮ್ಮೆಗರುವಿನ ಹಾಗೆ ಹಾರ್ನ್ ಕೂಗಿತು. ಚಕ್ರ ಹೊಟ್ಟೆಯೊಳಗೇ ಇದ್ದು ಎಂಜಿನ್ ತಗ್ಗಿಸಿದರೆ ಆ ವಿಮಾನ ಹಾಗೆ ಕೂಗುತ್ತದೆ. ದೂರದಲ್ಲಿ ಸ್ವಲ್ಪ ತಗ್ಗಿಸಿದರೂ ಸುಮ್ಮಸುಮ್ಮನೆ ಕೂಗುತ್ತಿದ್ದುದರಿಂದ ಅದರ ಬಾಯಿ ಮುಚ್ಚಿಸಲು ಒಂದು ಗುಂಡಿ ಇತ್ತು. ಆ ಕಂಪನಿಯ ಪೈಲಟ್‌ಗಳೆಲ್ಲ ಸೊಳ್ಳೆ ಹೊಡೆದಂತೆ ಆ ಗುಂಡಿ ಒತ್ತುತ್ತಿದ್ದರು. ತಮ್ಮನ ಹೆಬ್ಬೆರಳೂ ಹೋಗಿ ಒತ್ತಿತು. ಕಥೆ ನಿಲ್ಲಲಿಲ್ಲ.

ರನ್‌ವೇ ಕಿಟಕಿಯ ತುಂಬ ಬಂದಿತ್ತು. "ಚಕ್ರ ಇಳಿದಿಲ್ಲ! ಮೇಲಕ್ಕೆ!" ಎಂದು ಕಿರುಚಿ ಟೀಚರ್ ತಾನೇ ಎಂಜಿನ್ ಏರಿಸಿದಳು. ನನ್ನ ಹೊಟ್ಟೆ ಕೆಳಗೇ ಉಳಿಯಿತು, ನಾನು ಮೇಲೆ ಹೋದೆ.

ಒಂದು ಸುತ್ತು ಹೊಡೆದರು. ಚಕ್ರ ಇಳಿಸುವ ಹಿಡಿ ಎಳೆದರೆ, ಇಳಿಯಿತೆಂದು ಹೇಳುವ ಹಸಿರು ದೀಪಗಳು ಮೂರೂ ಹತ್ತಿದವು. ಆಗ ತಮ್ಮ ಮೈಕ್ ತೆಗೆದುಕೊಂಡ. "ಚಕ್ರದಲ್ಲಿ ಸಣ್ಣ ತೊಂದರೆ ಕಾಣಿಸ್ಕೊಂಡಿತ್ತು. ಸರಿಮಾಡಿದೀವಿ. ಗಾಬರಿ ಬೇಡ." ಕೆಳಗೆ ನಿಲ್ದಾಣದವರಿಗೂ ಅದನ್ನೇ ಹೇಳಿದ. ಟೀಚರ್ ಅವನ ಮುಖ ನೋಡಿ, ಆಮೇಲೆ ಕಿಟಕಿ ನೋಡಿದಳು.

ಇಳಿದ ಮೇಲೆ ಜನ ಅವನ ಕೈ ಬಿಡಲಿಲ್ಲ. "ನಿಮ್ಮಿಂದ ಜೀವ ಉಳೀತು ಸಾರ್!" ಒಬ್ಬಳು ಅಜ್ಜಿ ಅವನ ಕೆನ್ನೆ ಸವರಿದಳು. ನನ್ನ ಹೆಂಡತಿಯಂತೂ ಅಲ್ಲೇ ನಿಂತು ನಮ್ಮಮ್ಮನಿಗೆ ಫೋನ್ ಮಾಡಿದಳು. ನಮ್ಮಮ್ಮ ಬಂಧುಬಳಗಕ್ಕೆಲ್ಲ ಮಾಡಿದಳು. ಒಬ್ಬ ಸೋದರಳಿಯನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ತಮ್ಮ ರೆಕ್ಕೆಯ ಮೇಲೆ ಹತ್ತಿ ಸುತ್ತಿಗೆಯಿಂದ ಚಕ್ರ ಬಡಿದಿದ್ದ.

ನಗುತ್ತ ನಿಂತಿದ್ದ ತಮ್ಮನ ಹತ್ತಿರ ಮೆಕ್ಯಾನಿಕ್ ಓಡಿಬಂದ. ಗ್ರೀಸ್ ಮೆತ್ತಿದ ಕೈ, ಬಿಳಿಚಿಕೊಂಡ ಮುಖ.

"ಸಾರ್, ನಿನ್ನೆ ಚಕ್ರ ಬಿಚ್ಚಿ ಜೋಡಿಸಿದ್ದು ನಾನೇ. ಎಲ್ಲಿ ಎಡವಿದೆನೋ ಗೊತ್ತಾಗ್ತಿಲ್ಲ. ಇಷ್ಟು ಜನ... ಇಷ್ಟು ಜನರನ್ನ ಕೊಂದೇ ಬಿಡ್ತಿದ್ದೆನಲ್ಲ ಸಾರ್."

ತಮ್ಮನ ನಗು ಮುಖದ ಮೇಲೆ ಹಾಗೇ ಇತ್ತು, ತೆಗೆಯುವುದನ್ನು ಮರೆತವನಂತೆ. ಟೀಚರ್ ಬ್ಯಾಗು ಹೆಗಲಿಗೇರಿಸಿ ನಿಂತಳು.

"ನಿಂದೇನೂ ಇಲ್ಲ ಕಣೋ," ಎಂದ ತಮ್ಮ. ರೇಡಿಯೊ ಧ್ವನಿ ಅಷ್ಟು ಸಣ್ಣದಾಗಿದ್ದು ನಾನು ಕೇಳಿಯೇ ಇರಲಿಲ್ಲ. "ಚಕ್ರ ಚೆನ್ನಾಗಿದೆ. ನಾನು ಇಳಿಸೋದನ್ನೇ ಮರೆತೆ. ಹಾರ್ನ್ ಕೂಗಿದ್ರೂ ಅದರ ಬಾಯಿ ಮುಚ್ಚಿಸಿದೆ. ಉಳಿಸಿದ್ದು ಟೀಚರ್."

ಕೆನ್ನೆ ಸವರಿದ ಅಜ್ಜಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮೆಕ್ಯಾನಿಕ್ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಅವನು ಮೆಟ್ಟಿಲ ಮೇಲೆ ಕುಸಿದು ಕೂತು, "ಸದ್ಯ ಸಾರ್, ನನ್ನ ಕೆಲಸ ಸರಿಯಿತ್ತಲ್ಲ" ಎಂದು ಕಣ್ಣೊರೆಸಿಕೊಂಡ. ತಮ್ಮ ಟೋಪಿ ತೆಗೆದು ಏನು ಮಾಡುವುದೆಂದು ತಿಳಿಯದೆ ಅದನ್ನೇ ತಿರುಗಿಸುತ್ತಿದ್ದ.

ಮನೆಗೆ ಬಂದವನು ಬಟ್ಟೆ ಸಹ ಬದಲಿಸಲಿಲ್ಲ. ಅಮ್ಮನಿಗೆ ನಡೆದದ್ದನ್ನು ಹೇಳಿ, ಅವಳ ಕೈಯಿಂದ ಫೋನ್ ತೆಗೆದುಕೊಂಡು, "ಯಾರ್ಯಾರಿಗೆ ಹೇಳಿದೀಯ?" ಎಂದ.

"ಬಿಡೋ, ಮನೆ ಮಾತು ಮನೇಲಿರ್ಲಿ."

"ಟೀಚರ್ ನಮ್ಮ ಮನೆಯವಳಲ್ಲ ಅಮ್ಮ."

ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿ ಹೇಳಿದ. ಚಿಕ್ಕಪ್ಪ ನಕ್ಕರು, ಷಡ್ಡಕ ಎರಡೆರಡು ಸಲ ಹೇಳಿಸಿಕೊಂಡ. ಕೊನೆಗೆ ಸೋದರತ್ತೆ. ಅವಳಿಗೆ ಕಿವಿ ಮಂದ.

"ಅತ್ತೆ, ಚಕ್ರ ಇಳಿಸೋದು ಮರೆತೆ ಅಂದೆ!"

"ಜೋರಾಗಿ ಹೇಳೋ ಹೀರೋ!"

ಅವನು ಕಣ್ಣು ಮುಚ್ಚಿಕೊಂಡು ಕೂಗಿದ. ಎದುರುಮನೆಯ ಕಿಟಕಿ ತೆರೆಯಿತು. ಪಕ್ಕದ ಮನೆಯದೂ ತೆರೆಯಿತು. ಅವನು ಇನ್ನೊಂದು ಸಲ ಕೂಗಿದ.