ಬೇಲಾಪುರಕ್ಕೆ ಹೋಗಿ ಬಂದು ನಾನು ಹೇಳಿದ್ದು

ಸುಳ್ಳು ಹೇಳಿದ್ದು ನಾನು, ಶ್ರಾವ್ಯಾ. ಬೇಲಾಪುರದ ಫ್ಯಾಷನ್ ಕಾಲೇಜು ನಿನ್ನ ಕೈತಪ್ಪಿದ್ದು ಅಪ್ಪನ ಹಟದಿಂದಲ್ಲ, ಹಣೆಬರಹದಿಂದಲೂ ಅಲ್ಲ — ಈ ಸೋದರತ್ತೆಯ ನಾಲಗೆಯಿಂದ.

ಸಿಹಿಮಾತು ನನ್ನಿಂದ ಬರುವುದಿಲ್ಲ. ನಿನ್ನ ಮೇಲೆ ಆಗ ಸಿಟ್ಟಿತ್ತು; ಈಗಲೂ ಪೂರ್ತಿ ಇಳಿದಿಲ್ಲ. ಡೊಂಬಿವಲಿಯ ಈ ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷ ರವಿಕೆ ಹೊಲಿದು ಬದುಕಿದವಳು ನಾನು. ನಿನ್ನ ಹನ್ನೆರಡನೆಯ ತರಗತಿಯ ಬೀಳ್ಕೊಡುಗೆಗೆಂದು ಎರಡು ದಿನ ಕೂತು ಹೊಲಿದ ರವಿಕೆಯನ್ನು ಗೆಳತಿಯರೆದುರು ಎತ್ತಿ ಹಿಡಿದು, "ಯೇ ತೋ ಏಕ್‌ದಮ್ ಆಂಟಿ ಟೈಪ್ ಹೈ" ಎಂದು ನಕ್ಕೆಯಲ್ಲ — ನನಗೆ ಹಿಂದಿ ಬರುವುದಿಲ್ಲ ಎಂದುಕೊಂಡೆಯಾ? ಮೈಯೆಲ್ಲ ಉರಿದುಹೋಗಿತ್ತು.

ಅದೇ ಬೇಸಿಗೆಯಲ್ಲಿ, ಥಾಣೆ ಪೇಟೆಯ ಹೋಟೆಲಿನ ಗಲ್ಲೆ ಬಿಟ್ಟು ಬರಲಾಗದ ಅಣ್ಣ, ನಿನ್ನ ಅಪ್ಪ, ನನಗೇ ಹೇಳಿದ: "ಬೇಲಾಪುರದ ಕಾಲೇಜು, ಠಾಕುರ್ಲಿಯ ಕ್ಲಾಸು, ನೀನೇ ಎರಡೂ ಕಡೆ ನೋಡಿಕೊಂಡು ಬಾ ಮಾರಾಯ್ತಿ. ಹೊಲಿಗೆ ವಿಷಯ ನನಗೆಂತ ಗೊತ್ತುಂಟು? ನೀನು ಹೇಳಿದಲ್ಲಿಗೆ ಸೇರಿಸುವ."

ಹೋದೆ. ಬೇಲಾಪುರದಲ್ಲಿ ಮಕ್ಕಳು ಆಳೆತ್ತರದ ಗೊಂಬೆಗೆ ಕೋರಾ ಬಟ್ಟೆ ಸುತ್ತಿ, ಗುಂಡುಸೂಜಿ ಚುಚ್ಚಿ, ಸರಿಬಾರದೆ ಮತ್ತೆ ಬಿಚ್ಚುತ್ತಿದ್ದರು. ಟೀಚರೊಬ್ಬರು ನನ್ನ ರವಿಕೆಯ ತೋಳನ್ನೇ ನೋಡಿ, ಯಾರು ಹೊಲಿದದ್ದು ಎಂದು ಕೇಳಿದರು. ನಾನೇ ಎಂದಾಗ ಇಬ್ಬರು ಹುಡುಗಿಯರನ್ನು ಕರೆದು ತೋರಿಸಿದರು. ಖುಷಿಯಾಯಿತು — ರೈಲು ಹತ್ತುವಷ್ಟರಲ್ಲಿ ಆ ಖುಷಿಯೇ ಹೊಟ್ಟೆಕಿಚ್ಚಾಯಿತು. ನನಗೆ ಯಾರೂ ಕೊಡಿಸದ ಜಾಗ ಇವಳಿಗೇಕೆ... ಆಮೇಲೆ ನೋಡಿದ ಠಾಕುರ್ಲಿಯದ್ದು ಅಂಗಡಿಯ ಮೇಲಿನ ಎರಡು ಕೋಣೆ. ಮೂರು ಮೆಷಿನು, ಮೂರಕ್ಕೂ ಧೂಳು. ಗೋಡೆ ತುಂಬ ಬಣ್ಣದ ಫೋಟೋ.

ಕಂಡದ್ದನ್ನೆಲ್ಲ ಅಣ್ಣನಿಗೆ ಸರಿಯಾಗಿಯೇ ಹೇಳಿದೆ. ಜಾಗದ ಹೆಸರು ಮಾತ್ರ ಅದಲುಬದಲು ಮಾಡಿದೆ. "ಬೇಲಾಪುರದಲ್ಲಿ ಗೋಡೆ ತುಂಬ ಬರೀ ಫೋಟೋ ಅಣ್ಣ, ಮೆಷಿನಿಗೆಲ್ಲ ಧೂಳು ಹಿಡಿದಿದೆ. ಕೆಲಸ ಕಲಿಯುದಾದ್ರೆ ಠಾಕುರ್ಲಿಯೇ."

ಸೇರಿದ ಮೇಲೆ, ಅಲ್ಲಿ ಏನೂ ಕಲಿಸುವುದಿಲ್ಲ ಎಂದು ನೀನು ಎಷ್ಟು ಸಲ ಗೋಳಾಡಿದೆ! "ಅತ್ತೆಯೇ ನೋಡಿ ಬಂದಿದ್ದಾಳೆ, ನಿನಗೇ ತಲೆಯಿಲ್ಲ" ಎಂದು ಅಣ್ಣ ಬೈಯುತ್ತಿದ್ದ. ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

ಮೊನ್ನೆ, ಗಿರಾಕಿ ವಾಪಸು ಎಸೆದ ಕುರ್ತಾ ಹಿಡಿದು ನೀನು ನನ್ನ ಬಾಗಿಲಿಗೆ ಬಂದೆ. ತೋಳು ಕಂಕುಳಲ್ಲಿ ಎಳೆಯುತ್ತಿತ್ತು. "ಎರಡು ವರ್ಷ ಕಲ್ತ್ರೂ ಇಷ್ಟು ಬರ್ಲಿಲ್ಲ ಅತ್ತೆ. ಪಪ್ಪ ಹೇಳೋದೇ ಸರಿ — ಮೇರೇ ಮೇ ಹೀ ದಿಮಾಗ್ ನಹೀ ಹೈ." ತೋಳು ಬಿಚ್ಚಿ ಕೂರಿಸಿಕೊಟ್ಟೆ. ಬಾಯಿ ಮಾತ್ರ ಬಿಡಲಿಲ್ಲ, ಥೂ.

ನಿನಗೆ ಕನ್ನಡ ಓದಲು ಬರುವುದಿಲ್ಲ, ಗೊತ್ತು. ಅದಕ್ಕೇ ಕನ್ನಡದಲ್ಲಿ ಬರೆದೆ — ಇದನ್ನು ಅಣ್ಣನೇ ಗಟ್ಟಿಯಾಗಿ ಓದಬೇಕು. ಭಾನುವಾರ ನಾನೇ ತಂದು ಅವನ ಕೈಗೆ ಕೊಡುತ್ತೇನೆ. ಓದಿ ಮುಗಿಯುವವರೆಗೆ ಅಲ್ಲೇ ಕೂತಿರುತ್ತೇನೆ. ಆಮೇಲೆ ಹೊರಗೆ ಹಾಕಿದರೆ ಹೋಗುತ್ತೇನೆ.

ನೀನು ಜಂಬದವಳು, ಅದನ್ನು ಈಗಲೂ ಹೇಳುತ್ತೇನೆ. ದಡ್ಡಿಯಲ್ಲ. ನಿನಗೆ ಯಾರೂ ಕಲಿಸಲಿಲ್ಲ, ಅಷ್ಟೇ. ಕಲಿಸುವ ಜಾಗವನ್ನು ನಾನು ಕಣ್ಣಾರೆ ನೋಡಿ ಬಂದಿದ್ದೆ.